ಸಿಮೆಂಟ್ ಕಂಬಕ್ಕೆ ಕೂಡಿಸಿದ ಕಟ್ಟಿಗೆ ಬೇಲಿ ಅಲುಗಾಡಿದರೆ: ದೋಷ ಹುಡುಕುವ ಮತ್ತು ಸರಿಪಡಿಸುವ ಕ್ರಮ

ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ, ಗದಗ ಮತ್ತು ಹಾವೇರಿಯ ಊರಂಚಿನ ಮನೆಗಳಲ್ಲಿ ಹಿತ್ತಲಿನ ಸುತ್ತ ಮೊದಲು ನಿಲ್ಲುವುದು ಸಿಮೆಂಟ್ ಕಂಬ ಮತ್ತು ಮುಳ್ಳುತಂತಿ. ವರ್ಷಗಳು ಕಳೆದಂತೆ ತಂತಿ ತುಕ್ಕು ಹಿಡಿದು ಜೋತುಬೀಳುತ್ತದೆ. ಕಂಬಗಳು ಮಾತ್ರ ಗಟ್ಟಿಯಾಗಿಯೇ ಕಾಣುತ್ತವೆ. ಆಗ ಮನೆಯವರು ಅದೇ ಕಂಬಗಳಿಗೆ ಅಡ್ಡಪಟ್ಟಿ ಬಿಗಿದು, ಅದರ ಮೇಲೆ ಹಲಗೆ ಹೊಡೆಸಿ, ಕೈತೋಟಕ್ಕೆ ಕಟ್ಟಿಗೆಯ ಬೇಲಿ ಮಾಡಿಸಿಕೊಳ್ಳುತ್ತಾರೆ. ಇದು ಒಳ್ಳೆಯ ಯೋಚನೆಯೇ. ಕಂಬ ಕಿತ್ತು ಹೊಸದು ಹುಗಿಯುವ ಖರ್ಚು ಉಳಿಯುತ್ತದೆ, ಮಣ್ಣಿಗೆ ತಾಗದೆ ನಿಂತ ಕಟ್ಟಿಗೆ ಹೆಚ್ಚು ಕಾಲ ಬಾಳುತ್ತದೆ. ಆದರೆ ಆ ಕಂಬವನ್ನು ಎರಕ ಹೊಯ್ದವರೂ ಹುಗಿದವರೂ ತಂತಿಯ ಎಳೆತವನ್ನು ಮಾತ್ರ ಗಮನದಲ್ಲಿ ಇಟ್ಟುಕೊಂಡಿದ್ದರು. ಹಲಗೆಯ ಭಾರ, ಹಲಗೆಗೆ ಬಡಿಯುವ ಗಾಳಿ, ಬೋಲ್ಟಿಗಾಗಿ ಕೊರೆಯುವ ತೂತು ಇವು ಯಾವುವೂ ಅವರ ಲೆಕ್ಕದಲ್ಲಿ ಇರಲಿಲ್ಲ. ಹೀಗಾಗಿ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬೇಲಿ ಅಲುಗಾಡತೊಡಗುತ್ತದೆ, ಒಂದು ಕಡೆಗೆ ವಾಲುತ್ತದೆ, ಅಥವಾ ಕಂಬವೇ ತೂತಿನಿಂದ ಸೀಳುತ್ತದೆ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎಲ್ಲರೂ ಮಾಡುವುದೆಂದರೆ ಪಾನಾ ತಂದು ನಟ್ಟು ಬಿಗಿಯುವುದು. ದಯವಿಟ್ಟು ಅದನ್ನು ಮೊದಲು ಮಾಡಬೇಡಿ. ಸರಿದಿರುವುದು ಕಂಬವೋ, ಕೂಡಿಕೆಯೋ, ಕಟ್ಟಿಗೆಯೋ ಎಂಬುದು ತಿಳಿಯುವ ಮೊದಲೇ ನಟ್ಟು ಬಿಗಿದರೆ, ದೋಷದ ಗುರುತು ಅಳಿಸಿಹೋಗುತ್ತದೆ. ಕೂಡಿಕೆಯಲ್ಲಿ ದೋಷವಿದ್ದರಂತೂ ಬಿಗಿದ ಪ್ರತಿ ಸುತ್ತೂ ಕಂಬದ ಬಿರುಕನ್ನು ಇನ್ನಷ್ಟು ಅಗಲ ಮಾಡುತ್ತದೆ.

ಅಲುಗುತ್ತಿರುವುದು ಯಾವುದು

ಗಾಳಿ ಇಲ್ಲದ ಮುಂಜಾನೆ ಇಬ್ಬರು ಸೇರಿ ಈ ಪರೀಕ್ಷೆ ಮಾಡಬೇಕು. ಒಬ್ಬರು ಎರಡು ಕಂಬಗಳ ನಡುಮಧ್ಯೆ ನಿಂತು ಮೇಲಿನ ಅಡ್ಡಪಟ್ಟಿಯನ್ನು ಅಂಗೈಯಿಂದ ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ತಳ್ಳಲಿ. ಇನ್ನೊಬ್ಬರು ಕಂಬದ ಪಕ್ಕದಲ್ಲಿ ಕುಳಿತು, ಪಟ್ಟಿ ಮತ್ತು ಕಂಬ ಕೂಡುವ ಸಂದಿಯ ಮೇಲೆ ಬೆರಳಿಟ್ಟು, ಕಂಬದ ಬುಡವನ್ನು ನೋಡುತ್ತಿರಲಿ. ಬುಡದ ಸುತ್ತ ಮಣ್ಣು ಬಾಯಿ ಬಿಟ್ಟು ಮುಚ್ಚುತ್ತಿದ್ದರೆ ದೋಷ ನೆಲದಲ್ಲಿದೆ. ಬುಡ ಅಲ್ಲಾಡದೆ, ಬೆರಳಿನ ಕೆಳಗೆ ಪಟ್ಟಿ ಮಾತ್ರ ಸರಿಯುತ್ತಿದ್ದರೆ ದೋಷ ಬೋಲ್ಟಿನಲ್ಲಿದೆ. ಎರಡೂ ಸ್ಥಿರವಾಗಿದ್ದು, ತಳ್ಳಿದವರ ಕೈಯ ಕೆಳಗೆ ಪಟ್ಟಿ ಬಿಲ್ಲಿನಂತೆ ಬಾಗುತ್ತಿದ್ದರೆ ಪಟ್ಟಿ ತೆಳುವಾಗಿದೆ, ಇಲ್ಲವೇ ಕಂಬಗಳ ನಡುವಿನ ಅಂತರ ಹೆಚ್ಚಾಗಿದೆ. ಈ ಪರೀಕ್ಷೆಯನ್ನು ಪ್ರತಿಯೊಂದು ಕಂಬಕ್ಕೂ ಮಾಡಿ, ಕಂಬದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಬೇಕು. ಒಂದೇ ಬೇಲಿಯಲ್ಲಿ ಮೂರು ಬಗೆಯ ದೋಷಗಳೂ ಬೇರೆ ಬೇರೆ ಕಡೆ ಇರುವುದು ಅಪರೂಪವಲ್ಲ.

ಅದೇ ಹೊತ್ತಿಗೆ ಸಣ್ಣ ಸುತ್ತಿಗೆಯಿಂದ ಕಂಬವನ್ನು ಮೇಲಿನಿಂದ ಕೆಳಗಿನವರೆಗೆ ಹಗುರವಾಗಿ ತಟ್ಟುತ್ತ ಬನ್ನಿ. ಗಟ್ಟಿ ಕಾಂಕ್ರೀಟು ಖಣಿಲ್ ಎನ್ನುತ್ತದೆ. ಒಳಗೆ ಬಿರುಕಿದ್ದು ಪದರ ಎದ್ದಿದ್ದರೆ ದನಿ ಬೊಳ್ಳೆನ್ನುತ್ತದೆ. ಅಂಥ ಜಾಗದಲ್ಲಿ ಹೊಸ ತೂತು ಕೊರೆಯಲೇಬಾರದು.

ಕಂಬವೇ ವಾಲಿದ್ದರೆ

ಕಂಬ ಯಾವ ದಿಕ್ಕಿಗೆ ವಾಲಿದೆ ಎಂಬುದೇ ಇಲ್ಲಿ ಮುಖ್ಯ ಸಾಕ್ಷಿ. ನಮ್ಮ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಅದರಲ್ಲೂ ಆಷಾಢದಲ್ಲಿ, ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಗದಗದ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ನಿಂತಿರುವುದು ಈ ಗಾಳಿಯನ್ನು ನಂಬಿಯೇ. ಉತ್ತರ-ದಕ್ಷಿಣವಾಗಿ ಹಾಯ್ದ ಬೇಲಿ ಈ ಗಾಳಿಗೆ ಎದೆ ಕೊಟ್ಟು ನಿಲ್ಲುತ್ತದೆ, ಪೂರ್ವ-ಪಶ್ಚಿಮವಾಗಿ ಹಾಯ್ದದ್ದಕ್ಕೆ ಅದು ಅಷ್ಟಾಗಿ ತಗಲುವುದಿಲ್ಲ. ಆದ್ದರಿಂದ ಉತ್ತರ-ದಕ್ಷಿಣದ ಸಾಲಿನ ಕಂಬಗಳೆಲ್ಲ ಪೂರ್ವಕ್ಕೆ ವಾಲಿ, ಇನ್ನೊಂದು ಸಾಲು ನೆಟ್ಟಗಿದ್ದರೆ ಕಾರಣ ಗಾಳಿ ಎಂದು ಧೈರ್ಯದಿಂದ ಹೇಳಬಹುದು. ಗಾಳಿಯ ಹೊಡೆತಕ್ಕೆ ಕಂಬ ವಾಲದೆ ಬಾಗಿದ್ದರೆ, ನೆಲಮಟ್ಟದ ಹತ್ತಿರ ಪಶ್ಚಿಮದ ಮುಖದ ಮೇಲೆ ಅಡ್ಡಲಾಗಿ ಕೂದಲೆಳೆಯಂಥ ಬಿರುಕು ಸಿಗುತ್ತದೆ. ಎಳೆತ ಬೀಳುವುದು ಗಾಳಿ ಬಂದ ಮಗ್ಗುಲಿಗೆ. ಅಂಥ ಬಿರುಕು ಕಂಡ ಕಂಬಕ್ಕೆ ಹಿಂದಿನಿಂದ ಆಸರೆ ಕೊಡದೆ ಮತ್ತೆ ಹಲಗೆ ಹೊರಿಸಬಾರದು.

ಗಾಳಿಯ ಬಲ ಎಷ್ಟೆಂಬ ಅಂದಾಜು ಇದ್ದರೆ ಮುಂದಿನ ನಿರ್ಧಾರಗಳು ಸುಲಭವಾಗುತ್ತವೆ. ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದಲ್ಲಿ ಗಾಳಿಯ ಒತ್ತಡವನ್ನು ಲೆಕ್ಕ ಹಾಕುವ ಸೂತ್ರವಿದೆ: ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರುಗಳಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 0.6ರಿಂದ ಮತ್ತೆ ಗುಣಿಸಿದರೆ ಒಂದು ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡವೆಂದು ಸಿಗುತ್ತದೆ. ಮಳೆಗೆ ಮುಂಚಿನ ಬಿರುಗಾಳಿಯ ಒಂದು ಹೊಡೆತ ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬಂತೆಂದು ಹಿಡಿಯೋಣ. ಆಗ ಒತ್ತಡ ಚದರ ಮೀಟರಿಗೆ 240 ನ್ಯೂಟನ್. ಕಂಬಗಳ ನಡುವೆ 8 ಅಡಿ ಅಂತರ, ಬೇಲಿಯ ಎತ್ತರ 5 ಅಡಿ, ಹಲಗೆಗಳ ನಡುವೆ ಸಂದಿಯೇ ಇಲ್ಲ ಎಂದಾದರೆ ಒಂದು ಕಂಬದ ಪಾಲಿಗೆ ಬರುವ ಹಲಗೆ ಸುಮಾರು 3.7 ಚದರ ಮೀಟರ್. ಅದರ ಮೇಲೆ ಬೀಳುವ ಬಲ ಹೆಚ್ಚುಕಡಿಮೆ 90 ಕಿಲೋ ತೂಕಕ್ಕೆ ಸಮ. ಅಷ್ಟು ತೂಕ ನೆಲದಿಂದ ಎರಡೂವರೆ ಅಡಿ ಮೇಲೆ ಕಂಬವನ್ನು ಅಡ್ಡಲಾಗಿ ತಳ್ಳುತ್ತಿದೆ ಎಂದು ಎಣಿಸಿರಿ. ತಂತಿಬೇಲಿಯ ಕಂಬಕ್ಕೆ ಇಂಥ ತಳ್ಳುವಿಕೆ ಎಂದೂ ಬಂದಿರುವುದಿಲ್ಲ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಎರಡನೆಯ ಕಾರಣ ಎರಿ ನೆಲ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣ ಕಡೆಯ ಕರಿಮಣ್ಣು ನೀರುಂಡಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಕಲಘಟಗಿ, ಅಳ್ನಾವರ ಕಡೆಯ ಕೆಂಪು ನೆಲದಲ್ಲಿ ಈ ಕಾಟ ಬಹಳ ಕಡಿಮೆ. ಧಾರವಾಡದಲ್ಲಂತೂ ಒಂದೇ ಊರಿನೊಳಗೆ ಎರಡೂ ಬಗೆಯ ನೆಲ ಸಿಗುತ್ತದೆ. ಆದ್ದರಿಂದ ಪಕ್ಕದ ಬಡಾವಣೆಯ ಬೇಲಿ ನೆಟ್ಟಗಿದೆ ಎಂಬುದನ್ನು ನಮ್ಮ ಬೇಲಿಗೆ ಆಧಾರ ಮಾಡಿಕೊಳ್ಳುವಂತಿಲ್ಲ. ಎರಿ ನೆಲದ ದೋಷದ ಗುರುತು ಹೀಗಿರುತ್ತದೆ: ಕಂಬಗಳು ಒಂದೊಂದು ಒಂದೊಂದು ದಿಕ್ಕಿಗೆ ವಾಲಿರುತ್ತವೆ, ಕೆಲವು ಮೇಲೆದ್ದಿರುತ್ತವೆ, ಅಡ್ಡಪಟ್ಟಿಯ ಸಾಲು ಏರಿಳಿದು ಕಾಣುತ್ತದೆ. ಏಪ್ರಿಲಿನಲ್ಲಿ ಕಂಬದ ಬುಡದ ಸುತ್ತ ಬೆರಳು ಹೋಗುವಷ್ಟು ಸಂದಿ ಇದ್ದು, ಆಗಸ್ಟಿನಲ್ಲಿ ಅದು ಮುಚ್ಚಿರುತ್ತದೆ. ಕೈತೋಟದ ಬೇಲಿಗೆ ಇನ್ನೊಂದು ವಿಶೇಷ ತೊಂದರೆಯೂ ಇದೆ. ಒಳಬದಿಯ ಮಡಿಗಳಿಗೆ ಬೇಸಿಗೆಯಲ್ಲಿ ದಿನವೂ ನೀರು ಬೀಳುತ್ತದೆ, ಹೊರಬದಿಯ ನೆಲ ಒಣಗಿ ಬಿರಿದಿರುತ್ತದೆ. ಹೀಗಾಗಿ ಒಳಗಿನ ಮಣ್ಣು ಉಬ್ಬಿ ಕಂಬವನ್ನು ಹೊರಗಿನ ಸಂದಿಯ ಕಡೆಗೆ ತಳ್ಳುತ್ತದೆ. ಬೇಲಿ ಎಲ್ಲ ಕಡೆಯೂ ಹೊರಮುಖವಾಗಿ ವಾಲಿದ್ದರೆ ಬೋಲ್ಟನ್ನು ಬಿಟ್ಟು ನೀರಿನ ಪೈಪನ್ನು ನೋಡಬೇಕು. ಮಡಿಯನ್ನು ಬೇಲಿಯಿಂದ ಎರಡು ಅಡಿ ಒಳಗೆ ಸರಿಸಿದರೂ ಎಷ್ಟೋ ಸುಧಾರಿಸುತ್ತದೆ.

ವಾಲಿಕೆಯನ್ನು ಕಣ್ಣಂದಾಜಿನಿಂದ ಅಳೆಯಬಾರದು. ಕಂಬದ ನೆತ್ತಿಯಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಮೇಲೆ ಮತ್ತು ಕೆಳಗೆ ದಾರಕ್ಕೂ ಕಂಬಕ್ಕೂ ಇರುವ ದೂರವನ್ನು ಅಳೆದು ಬರೆದಿಡಬೇಕು. ಐದು ಅಡಿಗೆ ಅರ್ಧ ಇಂಚಿನಷ್ಟು ವ್ಯತ್ಯಾಸವಿದ್ದರೆ ಪಟ್ಟಿಯ ಹಿಂದೆ ಚಪ್ಪಟೆ ತುಂಡು ಕೊಟ್ಟು ಸರಿದೂಗಿಸಬಹುದು. ಒಂದು ಇಂಚು ಮೀರಿದರೆ ಕಂಬವನ್ನೇ ನೆಟ್ಟಗೆ ಮಾಡಬೇಕು.

ನೆಟ್ಟಗೆ ಮಾಡುವ ಕೆಲಸವನ್ನು ಹಲಗೆ ಬಿಚ್ಚಿದ ಮೇಲೆಯೇ ಮಾಡಬೇಕು. ಬುಡದ ಒಂದು ಮಗ್ಗುಲನ್ನು ಅಗೆದು ಕಂಬ ಎಷ್ಟು ಆಳಕ್ಕೆ ಹೋಗಿದೆ ಎಂದು ನೋಡಿ. ಹಲಗೆಯ ಬೇಲಿಗೆ ಕಂಬದ ಒಟ್ಟು ಉದ್ದದಲ್ಲಿ ಮೂರರಲ್ಲಿ ಒಂದು ಪಾಲು ನೆಲದೊಳಗೆ ಇರಬೇಕು. ಎರಿ ನೆಲದಲ್ಲಿ ಎರಡೂವರೆಯಿಂದ ಮೂರು ಅಡಿಗೆ ಕಡಿಮೆ ಇದ್ದರೆ ನಾನು ಆ ಕಂಬವನ್ನು ನಂಬುವುದಿಲ್ಲ. ತಂತಿಬೇಲಿಗೆಂದು ಹುಗಿದ ಆರಡಿ ಕಂಬಗಳು ಬಹಳ ಸಲ ಒಂದೂವರೆ ಅಡಿಯಲ್ಲೇ ನಿಂತಿರುತ್ತವೆ. ಅಂಥಲ್ಲಿ ಎರಡು ದಾರಿಗಳಿವೆ. ಬೇಲಿಯ ಎತ್ತರವನ್ನು ಮೂರೂವರೆ ಅಡಿಗೆ ಇಳಿಸಿ, ಹಲಗೆಗಳ ನಡುವೆ ಸಂದಿ ಬಿಡುವುದು ಒಂದು. ಕಂಬದ ಸುತ್ತ ಗುಂಡಿ ತೋಡಿ ಹೊಸದಾಗಿ ಕಾಂಕ್ರೀಟು ಹಾಕುವುದು ಇನ್ನೊಂದು. ಎರಡನೆಯದನ್ನು ಮಾಡುವಾಗ ಗುಂಡಿಯ ತಳ ಬಾಯಿಗಿಂತ ಅಗಲವಾಗಿರಬೇಕು. ಮೇಲೆ ಅಗಲ, ಕೆಳಗೆ ಕಿರಿದು ಆಗಿರುವ ಕಾಂಕ್ರೀಟಿನ ಗಡ್ಡೆಯನ್ನು ಉಬ್ಬುವ ಎರಿಮಣ್ಣು ಅಡಿಯಿಂದ ಹಿಡಿದು ಮೇಲೆತ್ತಿಬಿಡುತ್ತದೆ, ಕಂಬವೂ ಅದರ ಜೊತೆಗೇ ಏಳುತ್ತದೆ. ಕಾಂಕ್ರೀಟಿನ ಮೇಲಿನ ಗುಂಡಿಯನ್ನು ಅಗೆದ ಕರಿಮಣ್ಣಿನಿಂದ ತುಂಬದೆ, ಸಣ್ಣ ಕಲ್ಲು ಬೆರೆತ ಗರಸು ಮಣ್ಣು ತಂದು ಅರ್ಧರ್ಧ ಅಡಿ ಹಾಕಿ ನೀರು ಚಿಮುಕಿಸಿ ಧಮ್ಮಸು ಮಾಡಬೇಕು. ನೆಲಮಟ್ಟದಲ್ಲಿ ನೀರು ಕಂಬದಿಂದ ದೂರ ಹರಿಯುವಂತೆ ಸುತ್ತಲೂ ಇಳಿಜಾರು ಕೊಡಬೇಕು. ಉಸುಕನ್ನು ಮಾತ್ರ ತುಂಬಿದರೆ ಆ ಗುಂಡಿಯೇ ಮಳೆನೀರಿನ ತೊಟ್ಟಿಯಾಗಿ ಸುತ್ತಲಿನ ಎರಿಗೆ ನೀರು ಕುಡಿಸುತ್ತದೆ. ಈ ಕೆಲಸಕ್ಕೆ ಒಳ್ಳೆಯ ಕಾಲವೆಂದರೆ ಹಿಂಗಾರು ಮುಗಿದು ನೆಲ ತೀರ ಒಣಗುವ ಮೊದಲಿನ ಡಿಸೆಂಬರ್-ಜನವರಿ. ನೆಲ ಪೂರ್ತಿ ಬಿರಿದ ಮೇ ತಿಂಗಳಲ್ಲಿ ನೆಟ್ಟಗೆ ಮಾಡಿದ ಕಂಬ ಮೃಗಶಿರಾ ಮಳೆ ಬೀಳುತ್ತಲೇ ಮತ್ತೆ ಸರಿಯಬಹುದು.

ಬೋಲ್ಟು ಹಿಡಿಯದಿದ್ದರೆ

ಹೆಚ್ಚಿನ ಬೇಲಿಗಳು ಸೋಲುವುದು ಇಲ್ಲಿಯೇ. ಈಗ ಪಾನಾ ತೆಗೆದುಕೊಳ್ಳಬಹುದು, ಆದರೆ ಬಿಗಿಯುವುದಕ್ಕಲ್ಲ, ಪರೀಕ್ಷೆಗೆ. ನಟ್ಟನ್ನು ನಿಧಾನವಾಗಿ ತಿರುಗಿಸಿ. ಒಂದೆರಡು ಸುತ್ತು ತಿರುಗುವಷ್ಟರಲ್ಲಿ ಅದು ಗಟ್ಟಿಯಾಗಿ ನಿಂತರೆ ಬೋಲ್ಟು ಸರಿಯಾಗಿದೆ, ಕಟ್ಟಿಗೆ ಒಣಗಿ ತೆಳುವಾಗಿದೆ ಎಂದರ್ಥ. ಅಗಲವಾದ ವಾಶರ್ ಹಾಕಿ ಬಿಗಿದರೆ ಸಾಕು. ನಟ್ಟಿನ ಜೊತೆಗೆ ಬೋಲ್ಟೂ ಗಿರಗಿರನೆ ಸುತ್ತಿದರೆ ಅದು ಕಂಬದೊಳಗೆ ಹಿಡಿತ ಕಳೆದುಕೊಂಡಿದೆ. ನಟ್ಟು ತಿರುಗಿದಷ್ಟೂ ಬೋಲ್ಟು ಹೊರಗೆ ಬರುತ್ತಿದ್ದರೆ ತೂತು ಹಿಗ್ಗಿದೆ, ಅಥವಾ ಒಳಗಿನ ಕಾಂಕ್ರೀಟು ಪುಡಿಯಾಗಿದೆ. ತಿರುಗಿಸುವಾಗ ತೂತಿನಿಂದ ಕಂಬದ ಅಂಚಿಗೆ ಹೋದ ಗೆರೆಯೊಂದು ಅಗಲವಾಗುವುದು ಕಂಡರೆ ಅಲ್ಲಿಗೇ ನಿಲ್ಲಿಸಿಬಿಡಿ.

ಕೊನೆಯದು ಅತ್ಯಂತ ಸಾಮಾನ್ಯವಾದ ದೋಷ, ಅದರ ಕಾರಣವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಆಂಕರ್ ಫಾಸ್ಟನರು ಹಿಡಿಯುವುದು ಹಿಗ್ಗುವುದರಿಂದ: ನಟ್ಟು ಬಿಗಿದಂತೆ ಅದರ ತುದಿಯ ಬೆಣೆ ಕೊಳವೆಯನ್ನು ಅಗಲಿಸುತ್ತದೆ, ಕೊಳವೆ ತೂತಿನ ಗೋಡೆಯನ್ನು ಒತ್ತುತ್ತದೆ. ಮನೆಯ ತೊಲೆಗೋ ದಪ್ಪ ಚಾವಣಿಗೋ ಇದು ಒಳ್ಳೆಯ ಉಪಾಯ, ಸುತ್ತಲೂ ಆ ಒತ್ತಡವನ್ನು ತಡೆಯುವಷ್ಟು ಕಾಂಕ್ರೀಟು ಇರುತ್ತದೆ. ಬೋಲ್ಟಿನಿಂದ ಅಂಚಿನವರೆಗೆ ಬೋಲ್ಟಿನ ದಪ್ಪದ ಆರು ಪಟ್ಟಾದರೂ ಕಾಂಕ್ರೀಟು ಇರಲಿ ಎಂಬುದು ವಾಡಿಕೆಯ ಲೆಕ್ಕ. 10 ಮಿಲಿಮೀಟರ್ ಫಾಸ್ಟನರಿಗೆ ಅದು 60 ಮಿಲಿಮೀಟರ್. ನಮ್ಮ ಬೇಲಿಯ ಕಂಬ 4 ಇಂಚು ಚೌಕ. ನಟ್ಟನಡುವೆ ಕೊರೆದರೂ ಎರಡೂ ಕಡೆಗೆ ಉಳಿಯುವುದು 50 ಮಿಲಿಮೀಟರ್ ಮಾತ್ರ. ಹಾಗಾಗಿ ಗಟ್ಟಿಯಾಗಲಿ ಎಂದು ದೊಡ್ಡ ಫಾಸ್ಟನರು ಹಾಕಿದಷ್ಟೂ ಕಂಬ ಸೀಳುವುದು ಬೇಗ. ಹಿಗ್ಗುವ ಫಾಸ್ಟನರನ್ನು ಇಂಥ ಸಣ್ಣ ಕಂಬಕ್ಕೆ ಬಳಸಬಾರದು ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಬಳಸಲೇಬೇಕಾದರೆ 6 ಮಿಲಿಮೀಟರಿನದನ್ನು ಕಂಬದ ನಡುಗೆರೆಯ ಮೇಲೆ, ನೆತ್ತಿಯಿಂದ ಕನಿಷ್ಠ ಆರು ಇಂಚು ಕೆಳಗೆ ಹಾಕಿ, ಕೈಯ ಅಳತೆಯಲ್ಲಿ ಬಿಗಿಯಬೇಕು.

ಸೀಳಿಲ್ಲದೆ ಬರೀ ಸುತ್ತುವ ಬೋಲ್ಟಿಗೆ ಬೇರೆ ಕಾರಣಗಳಿವೆ. ತೂತು ಕೊರೆದ ಮೇಲೆ ಒಳಗಿನ ಪುಡಿಯನ್ನು ತೆಗೆಯದಿರುವುದು ಮೊದಲನೆಯದು. ಕೈಪಂಪಿನಿಂದ ಊದಿ, ತಂತಿಯ ಬ್ರಶ್ಶಿನಿಂದ ಉಜ್ಜಿ, ಮತ್ತೆ ಊದಬೇಕು. ಬಾಯಿಂದ ಊದುವುದು ಬೇಡ. ಕಾಂಕ್ರೀಟಿನ ಸಣ್ಣ ಪುಡಿ ಪುಪ್ಪುಸಕ್ಕೂ ಕಣ್ಣಿಗೂ ಕೆಟ್ಟದ್ದು. ಕೊರೆಯುವಾಗಲೂ ಕನ್ನಡಕ ಮತ್ತು ಮಾಸ್ಕ್ ಇರಲಿ. ಎರಡನೆಯದು ಬಿಟ್ ಸವೆದಿರುವುದು ಅಥವಾ ಡ್ರಿಲ್ ಅತ್ತಿತ್ತ ಅಲುಗಿ ತೂತಿನ ಬಾಯಿ ಅಗಲವಾಗಿರುವುದು. ಇದಕ್ಕೆ ಮೊದಲು 5 ಮಿಲಿಮೀಟರ್ ಬಿಟ್ಟಿನಿಂದ ದಾರಿ ಮಾಡಿಕೊಂಡು ಆಮೇಲೆ ಬೇಕಾದ ಅಳತೆಗೆ ಹೋಗಬೇಕು. ಮೂರನೆಯದು ತೂತಿಗೆ ಕಟ್ಟಿಗೆಯ ಗೂಟ ಬಡಿದು ಅದಕ್ಕೆ ಸ್ಕ್ರೂ ಹಾಕುವ ಹಳೆಯ ಪದ್ಧತಿ. ಒಳಗೋಡೆಗೆ ಚಿತ್ರಪಟ ತೂಗುಹಾಕಲು ಅದು ಸಾಕು, ಬಯಲಿನಲ್ಲಿ ಸಾಲದು. ಮಳೆಯಲ್ಲಿ ಗೂಟ ಉಬ್ಬಿ ಕಂಬವನ್ನು ಒತ್ತುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಸ್ಕ್ರೂ ಸಮೇತ ಈಚೆ ಬರುತ್ತದೆ.

ಕೊರೆಯುವಾಗ ಬಿಟ್ ಒಮ್ಮೆಲೇ ನಿಂತು, ಕೀರಲು ದನಿ ಬಂದು, ಬಿಳಿ ಪುಡಿಯ ಬದಲು ಹೊಳೆಯುವ ಚೂರು ಬಂದರೆ ಕಬ್ಬಿಣದ ಸರಳು ಸಿಕ್ಕಿದೆ. ಅದನ್ನು ಕತ್ತರಿಸಿ ಮುಂದೆ ಹೋಗುವುದು ಕಂಬದ ಬೆನ್ನೆಲುಬನ್ನು ಮುರಿದಂತೆ. ಕಂಬಕ್ಕೆ ಬಾಗದೆ ನಿಲ್ಲುವ ಬಲ ಕೊಡುವುದೇ ನಾಲ್ಕು ಮೂಲೆಯ ಆ ಸರಳುಗಳು. ಒಂದೆರಡು ಇಂಚು ಮೇಲಕ್ಕೋ ಕೆಳಕ್ಕೋ ಸರಿದು ನಡುಗೆರೆಯಲ್ಲೇ ಬೇರೆ ತೂತು ಕೊರೆಯಿರಿ. ಬಿಟ್ಟ ತೂತನ್ನು ಗ್ರೌಟಿನಿಂದ, ಅಂದರೆ ಒಣಗಿದ ಮೇಲೂ ಕುಗ್ಗದ ಸಿಮೆಂಟ್ ಗಾರೆಯಿಂದ, ತುಂಬಬೇಕು, ಇಲ್ಲದಿದ್ದರೆ ಅದೇ ಹಾದಿಯಲ್ಲಿ ನೀರು ಸರಳಿಗೆ ತಲುಪುತ್ತದೆ. ಕಂಬದ ಮೂಲೆಗುಂಟ ಉದ್ದಕ್ಕೆ ಬಿರುಕು, ಅದರಲ್ಲಿ ಕಂದುಕಲೆ ಕಂಡರೆ ಸರಳಿಗೆ ತುಕ್ಕು ಹಿಡಿಯುವುದು ಆಗಲೇ ಶುರುವಾಗಿದೆ ಎಂದು ತಿಳಿಯಿರಿ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಹೀಗಾಗಿ ಒಳಗಿನಿಂದಲೇ ಕಾಂಕ್ರೀಟನ್ನು ಸಿಡಿಸುತ್ತದೆ. ಒಂದು ಗೇಣಿನಷ್ಟು ಬಿರುಕಿದ್ದರೆ ಸಡಿಲ ಭಾಗವನ್ನು ಕೆತ್ತಿ, ಸರಳನ್ನು ತಂತಿಬ್ರಶ್ಶಿನಿಂದ ಹೊಳೆಯುವವರೆಗೆ ಉಜ್ಜಿ, ತುಕ್ಕು ತಡೆಯುವ ಬಣ್ಣ ಹಚ್ಚಿ, ಪಾಲಿಮರ್ ಗಾರೆಯಿಂದ ಮುಚ್ಚಬಹುದು. ಕಂಬದ ಅರ್ಧ ಎತ್ತರಕ್ಕೂ ಬಿರುಕು ಹರಡಿದ್ದರೆ ಆ ಕಂಬವನ್ನು ಬದಲಾಯಿಸುವುದೇ ಸರಿ.

ಹಾಗಾದರೆ ಕಂಬಕ್ಕೆ ಪಟ್ಟಿಯನ್ನು ಕೂಡಿಸುವುದು ಹೇಗೆ? ನನ್ನ ಮೊದಲ ಆಯ್ಕೆ ಕೊರೆಯದೇ ಇರುವುದು. 25 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನು ಕಂಬದ ಅಳತೆಗೆ ಬಗ್ಗಿಸಿ ಮಾಡಿದ ಯು ಕ್ಲಾಂಪು ಕಂಬವನ್ನು ಮೂರು ಕಡೆಯಿಂದ ಅಪ್ಪಿ ಹಿಡಿಯುತ್ತದೆ. ಅದರ ಎರಡು ಕಿವಿಗಳಿಗೆ ಹಾಕಿದ ಬೋಲ್ಟುಗಳು ಕಾಂಕ್ರೀಟನ್ನು ಮುಟ್ಟದೆ ಅಡ್ಡಪಟ್ಟಿಯ ಮೂಲಕ ಹಾಯುತ್ತವೆ. ಹುಬ್ಬಳ್ಳಿಯಲ್ಲಾಗಲಿ ಹಾವೇರಿಯಲ್ಲಾಗಲಿ ಯಾವುದೇ ವೆಲ್ಡಿಂಗ್ ಅಂಗಡಿಯವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಕಂಬಗಳು ಅಚ್ಚಿನಿಂದ ಅಚ್ಚಿಗೆ ತುಸು ವ್ಯತ್ಯಾಸವಾಗಿರುತ್ತವೆ. ಮೇಲಕ್ಕೆ ಹೋದಂತೆ ಸಣ್ಣದಾಗುವ ಕಂಬಗಳೂ ಇವೆ. ಆದ್ದರಿಂದ ಪ್ರತಿ ಕಂಬವನ್ನೂ ಕ್ಲಾಂಪು ಕೂಡುವ ಎತ್ತರದಲ್ಲಿಯೇ ಅಳೆಯಬೇಕು. ಕ್ಲಾಂಪಿಗೂ ಕಂಬಕ್ಕೂ ನಡುವೆ ಲಾರಿಯ ಹಳೆಯ ಟ್ಯೂಬಿನ ರಬ್ಬರ್ ತುಂಡು ಇಟ್ಟರೆ ಜಾರುವುದಿಲ್ಲ, ಕಾಂಕ್ರೀಟಿನ ಅಂಚೂ ಒಡೆಯುವುದಿಲ್ಲ.

ಎರಡನೆಯ ಆಯ್ಕೆ ಕಂಬದಲ್ಲಿ ಆಗಲೇ ಇರುವ ತೂತುಗಳು. ಮುಳ್ಳುತಂತಿ ಪೋಣಿಸಲೆಂದು ಹಲವು ಕಂಬಗಳಲ್ಲಿ ಎರಕದ ಸಮಯದಲ್ಲೇ ಆರಪಾರ ತೂತು ಬಿಟ್ಟಿರುತ್ತಾರೆ. ಅಲ್ಲಿ ಸರಳು ಸಿಗುವ ಭಯವಿಲ್ಲ, ಒತ್ತಡವೂ ಹಿಗ್ಗುವ ಬಗೆಯದಲ್ಲ. ಹಿಡಿಸುವ ಅಳತೆಯ ಬೋಲ್ಟನ್ನು ಆರಪಾರ ಹಾಕಿ, ಎರಡೂ ಕಡೆ ಚಪ್ಪಟೆ ವಾಶರ್ ಕೊಟ್ಟು ಬಿಗಿಯಬಹುದು. ತೂತುಗಳ ಎತ್ತರ ಅಡ್ಡಪಟ್ಟಿಯ ಎತ್ತರಕ್ಕೆ ಹೊಂದದೆ ಹೋದರೆ, ಮೊದಲು ಕಂಬದಗುಂಟ ಒಂದು ನಿಲುವುಪಟ್ಟಿಯನ್ನು ಆ ತೂತುಗಳಿಂದಲೇ ಕೂಡಿಸಿ, ಅಡ್ಡಪಟ್ಟಿಯನ್ನು ನಿಲುವುಪಟ್ಟಿಗೆ ಸ್ಕ್ರೂ ಮಾಡುವುದು ಬುದ್ಧಿವಂತಿಕೆಯ ಕೆಲಸ. ಈ ಎರಡೂ ಆಗದಿದ್ದಾಗ ಮಾತ್ರ ರಾಳದ ಆಂಕರ್ ಬಳಸಬೇಕು. ತೂತಿಗೆ ರಾಳ ತುಂಬಿ 8 ಮಿಲಿಮೀಟರಿನ ಥ್ರೆಡ್ ರಾಡನ್ನು ಸುತ್ತುತ್ತ ಇಳಿಸಿದರೆ ಅದು ಅಂಟಿ ಹಿಡಿಯುತ್ತದೆ, ಹಿಗ್ಗುವುದಿಲ್ಲ. ರಾಳ ಗಟ್ಟಿಯಾಗಲು ಬೇಕೆಂದು ಅದರ ಕೊಳವೆಯ ಮೇಲೆ ಬರೆದ ಹೊತ್ತು ಕಳೆಯುವವರೆಗೆ ರಾಡನ್ನು ಮುಟ್ಟಬಾರದು. ಚಳಿಗಾಲದ ಮುಂಜಾನೆ ಆ ಹೊತ್ತು ಹೆಚ್ಚಾಗುತ್ತದೆ.

ಕಟ್ಟಿಗೆಯ ದೋಷ

ಕಂಬವೂ ಬೋಲ್ಟೂ ಸರಿಯಿದ್ದು ಬೇಲಿ ಕೆಟ್ಟಿದ್ದರೆ ಉಳಿದದ್ದು ಕಟ್ಟಿಗೆ. ತಂತಿಗೆಂದು ಹತ್ತು ಅಡಿಗೊಂದರಂತೆ ನಿಲ್ಲಿಸಿದ ಕಂಬಗಳ ನಡುವೆ 2 ಇಂಚು ಅಗಲ, 1 ಇಂಚು ದಪ್ಪದ ರೀಪು ಹಾಕಿದರೆ ಅದು ಜೋತುಬೀಳುವುದು ಖಂಡಿತ. 3 ಇಂಚು, 2 ಇಂಚಿನ ಪಟ್ಟಿ ಬೇಕು. ಅದನ್ನೂ 3 ಇಂಚಿನ ಮಗ್ಗುಲು ನೆಟ್ಟಗೆ ನಿಲ್ಲುವಂತೆ ಕೂಡಿಸಬೇಕು. ಹಲಗೆಯ ಭಾರವನ್ನು ತಾಳುವ ಬಿಗುವು ಎತ್ತರದ ಘನಕ್ಕೆ ಅನುಗುಣವಾಗಿರುವುದರಿಂದ, ಅದೇ ಪಟ್ಟಿ ಮಲಗಿಸಿದ್ದಕ್ಕಿಂತ ನಿಲ್ಲಿಸಿದಾಗ ಎರಡೂಕಾಲು ಪಟ್ಟು ಬಿಗಿಯಾಗಿರುತ್ತದೆ. ಎಂಟು ಅಡಿಗಿಂತ ಅಂತರ ಹೆಚ್ಚಿದ್ದರೆ ನಡುವೆ ಇನ್ನೊಂದು ಕಂಬ ನಿಲ್ಲಿಸುವುದೇ ಪರಿಹಾರ.

ಹಲಗೆ ಸೊಟ್ಟಗಾಗುವುದು, ಮೊಳೆಯ ಹತ್ತಿರ ಸೀಳುವುದು, ನಟ್ಟು ತಾನಾಗಿ ಸಡಿಲಾಗುವುದು ಇವೆಲ್ಲ ಹಸಿ ಕಟ್ಟಿಗೆಯ ಲಕ್ಷಣಗಳು. ಕಟ್ಟಿಗೆ ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಗಲದಲ್ಲಿ ಮತ್ತು ದಪ್ಪದಲ್ಲಿ ಕುಗ್ಗುತ್ತದೆ. ದಾಂಡೇಲಿ, ಹಳಿಯಾಳದ ಕಡೆಯ ಸಾಗವಾನಿ ಕಡಿಮೆ ಕುಗ್ಗುತ್ತದೆ. ನೀಲಗಿರಿ ಬಹಳ ಕುಗ್ಗುವುದಲ್ಲದೆ ತಿರುಚಿಕೊಳ್ಳುತ್ತದೆ, ಅದನ್ನು ಹಲಗೆಗೆ ಬಳಸದಿರುವುದು ಒಳ್ಳೆಯದು. ಸಾಮಿಲ್ಲಿನಿಂದ ತಂದ ಕಟ್ಟಿಗೆಯನ್ನು ನೆರಳಿನಲ್ಲಿ, ಪದರಪದರಕ್ಕೆ ತುಂಡುಪಟ್ಟಿ ಕೊಟ್ಟು, ಗಾಳಿಯಾಡುವಂತೆ ಒಟ್ಟಬೇಕು. ಒಂದು ಹಲಗೆಯನ್ನು ಗುರುತು ಮಾಡಿ ವಾರಕ್ಕೊಮ್ಮೆ ತೂಗಿದರೆ, ತೂಕ ಇಳಿಯುವುದು ನಿಂತಾಗ ಅದು ನಮ್ಮ ಹವೆಗೆ ಹೊಂದಿಕೊಂಡಿದೆ ಎಂದು ತಿಳಿಯುತ್ತದೆ. ಹಾಗೆ ಒಣಗಿದ ಮೇಲೂ ಬೇಸಿಗೆ ಮತ್ತು ಮಳೆಗಾಲದ ನಡುವೆ 4 ಇಂಚಿನ ಹಲಗೆ ಒಂದೆರಡು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಬೋಲ್ಟಿನ ತೂತನ್ನು ಬೋಲ್ಟಿಗಿಂತ 2 ಮಿಲಿಮೀಟರ್ ದೊಡ್ಡದಾಗಿ ಕೊರೆದು ಅಗಲ ವಾಶರ್ ಹಾಕುವುದು ಈ ಚಲನೆಗೆ ಎಡೆಗೊಡಲೆಂದೇ. ಹಲಗೆಗಳ ನಡುವೆ ಒಂದು ಇಂಚು ಸಂದಿ ಬಿಟ್ಟರೆ ಹಿಗ್ಗಲೂ ಜಾಗ ಸಿಗುತ್ತದೆ, ಆಷಾಢದ ಗಾಳಿಗೂ ದಾರಿಯಾಗುತ್ತದೆ.

ಅಡ್ಡಪಟ್ಟಿ ಕಂಬಕ್ಕೆ ತಾಗುವ ಜಾಗದಲ್ಲಿಯೇ ಕೊಳೆತಿದ್ದರೆ, ಅಲ್ಲಿ ಮಳೆನೀರು ಸಿಕ್ಕಿಕೊಂಡು ಒಣಗದೆ ಉಳಿದಿದೆ. ಕಾಂಕ್ರೀಟು ನೀರು ಹೀರುತ್ತದೆ, ಅದರ ಮಗ್ಗುಲಿಗಿರುವ ಕಟ್ಟಿಗೆಗೆ ಅದನ್ನೇ ಕೊಡುತ್ತದೆ. ಪಟ್ಟಿಗೂ ಕಂಬಕ್ಕೂ ನಡುವೆ ಪ್ಲಾಸ್ಟಿಕ್ಕಿನ ಅಥವಾ ರಬ್ಬರಿನ ಕಾಲಿಂಚು ದಪ್ಪದ ತುಂಡು ಕೊಟ್ಟು ಗಾಳಿ ಆಡಲು ಬಿಡಬೇಕು. ಕತ್ತರಿಸಿದ ತುದಿಗಳು ಹಲಗೆಯ ಮೈಗಿಂತ ಬಹಳ ಬೇಗ ನೀರು ಕುಡಿಯುತ್ತವೆ. ಕೂಡಿಸುವ ಮೊದಲೇ ಅವಕ್ಕೆ ಎರಡು ಸಲ ಬಣ್ಣ ಕುಡಿಸಿ. ಮೊಳೆಯ ಸುತ್ತ ಕಪ್ಪುಕಲೆ ಇಳಿದಿದ್ದರೆ, ಕಟ್ಟಿಗೆಯಲ್ಲಿನ ಒಗರು ಬರೀ ಕಬ್ಬಿಣದ ಜೊತೆ ಸೇರಿ ಆದದ್ದು. ಸತುವಿನಲ್ಲಿ ಅದ್ದಿದ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಅದು ತಪ್ಪುತ್ತದೆ.

ಗೆದ್ದಲಿನ ವಿಷಯದಲ್ಲಿ ಕಾಂಕ್ರೀಟ್ ಕಂಬವಿದೆ ಎಂದು ನಿಶ್ಚಿಂತರಾಗಬಾರದು. ಗೆದ್ದಲು ಕಂಬವನ್ನು ತಿನ್ನದಿದ್ದರೂ ಅದರ ಮೈಮೇಲೆ ಪೆನ್ಸಿಲಿನಷ್ಟು ಅಗಲದ ಮಣ್ಣಿನ ಸುರಂಗ ಕಟ್ಟಿಕೊಂಡು ಪಟ್ಟಿಗೆ ಏರುತ್ತದೆ. ಹಲಗೆಯ ತುದಿ ನೆಲದಿಂದ ಮೂರು ಇಂಚು ಮೇಲಿರಲಿ, ಬುಡದಲ್ಲಿ ಎಲೆಕಸ ಒಟ್ಟಬೇಡಿ, ತಿಂಗಳಿಗೊಮ್ಮೆ ಕಂಬದ ನೆರಳಿನ ಮಗ್ಗುಲನ್ನು ನೋಡಿ ಸುರಂಗ ಕಂಡರೆ ಕೆರೆದುಹಾಕಿ. ಕಟ್ಟಿಗೆ ಆರಿಸುವಾಗ ಮರದ ನಡುವಿನ ಗಾಢಬಣ್ಣದ ಭಾಗವನ್ನೇ ಕೇಳಬೇಕು. ಸಾಗವಾನಿಯಾದರೂ ಅದರ ಹೊರಗಿನ ಬಿಳಿ ಭಾಗವನ್ನು ಗೆದ್ದಲು ಬಿಡುವುದಿಲ್ಲ.

ದುರಸ್ತಿಯ ನಂತರ

ಸರಿಪಡಿಸಿದ ಪ್ರತಿ ನಟ್ಟಿನ ಮೇಲಿಂದ ವಾಶರಿನವರೆಗೆ ಬಣ್ಣದ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ಗೆರೆ ಕೂಡಿಯೇ ಇದ್ದು ವಾಶರ್ ಕೈಗೆ ಅಲುಗಿದರೆ ಕಟ್ಟಿಗೆ ಕುಗ್ಗಿದೆ. ಗುಂಡು ಇಳಿಬಿಟ್ಟು ತೆಗೆದ ಅಳತೆಯನ್ನು ಕಂಬದ ಸಂಖ್ಯೆಯ ಸಮೇತ ಬರೆದಿಟ್ಟು, ಸೆಪ್ಟೆಂಬರಿನ ಕೊನೆಗೆ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ ಮತ್ತೆ ಅಳೆಯಬೇಕು. ಎರಡು ಅಳತೆಗಳು ಒಂದಕ್ಕೊಂದು ಹೊಂದಿದ್ದರೆ ಕಂಬ ನೆಲೆ ನಿಂತಿದೆ. ಮಳೆಗಾಲದಲ್ಲಿ ಒಂದು ಕಡೆ, ಬೇಸಿಗೆಯಲ್ಲಿ ಇನ್ನೊಂದು ಕಡೆ ಸರಿಯುತ್ತಿದ್ದರೆ ನೆಲದ ಕೆಲಸ ಇನ್ನೂ ಮುಗಿದಿಲ್ಲ, ಅಲ್ಲಿ ಬೋಲ್ಟು ಬದಲಿಸಿ ಪ್ರಯೋಜನವಿಲ್ಲ.

ಬೇಲಿಯ ನಡುವೆ ಗೇಟು ಇದ್ದರೆ ಅದನ್ನು ಈ ಕಂಬಗಳಿಗೆ ತೂಗುಹಾಕಬೇಡಿ. ಗೇಟಿನ ಭಾರ ಒಂದೇ ಮಗ್ಗುಲಿಗೆ ಎಳೆಯುತ್ತದೆ, ತೆರೆದು ಮುಚ್ಚಿದ ಪ್ರತಿ ಸಲವೂ ಕಂಬವನ್ನು ತಿರುಚುತ್ತದೆ. ಅದಕ್ಕೆ 6 ಇಂಚು ಚೌಕದ ಬೇರೆ ಕಂಬವನ್ನು ಮೂರು ಅಡಿ ಆಳಕ್ಕೆ ಕಾಂಕ್ರೀಟು ಹಾಕಿ ನಿಲ್ಲಿಸಿ, ಬೇಲಿಯ ಕೊನೆಯ ಅಡ್ಡಪಟ್ಟಿಗೂ ಆ ಕಂಬಕ್ಕೂ ನಡುವೆ ಅರ್ಧ ಇಂಚು ಸಂದಿ ಬಿಡಬೇಕು.